ಎರಡು ಸಲ ಚಂದ್ರನಿಗೆ ಹೋಗಿಬರುವ ಸಿರಿಂಜು

1999ರಲ್ಲಿ ಅಮೆರಿಕದ ವರದಿಯೊಂದು ಒಂದು ಅಂದಾಜು ಹೊರಹಾಕಿತು: ಅಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ಎಡವಟ್ಟಿನಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಾರೆ. ದೊಡ್ಡ ಅಂಕಿಯನ್ನು 365ರಿಂದ ಭಾಗಿಸಿ ನೋಡಿ, ದಿನಕ್ಕೆ 268. ಐವತ್ತು ಸೀಟಿನ ನಮ್ಮ ಕೆಂಪು ಬಸ್ಸು ಐದು ತುಂಬಿದರೂ ಹದಿನೆಂಟು ಜನ ಸ್ಟ್ಯಾಂಡಿನಲ್ಲೇ ಉಳಿಯುತ್ತಾರೆ. ಗುಣವಾಗಲೆಂದು ಹೋದವರು ಇವರೆಲ್ಲ!

ಇದು ದುಡ್ಡಿರುವ ದೇಶದ ಮಾತು. ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಅಸುರಕ್ಷಿತ ಚಿಕಿತ್ಸೆಗೆ ಬಲಿಯಾಗುವವರು ವರ್ಷಕ್ಕೆ 26 ಲಕ್ಷವೆಂದು 2018ರ ಅಂದಾಜು. 2011ರ ಗಣತಿಯಲ್ಲಿ ಇಡೀ ತುಮಕೂರು ಜಿಲ್ಲೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ. ಸಾಯದೆ ಪೆಟ್ಟು ತಿಂದವರನ್ನೂ ಸೇರಿಸಿದರೆ ಪ್ರಕರಣಗಳು 13.4 ಕೋಟಿ. ಅದೇ ಗಣತಿಯ ಎರಡು ಕರ್ನಾಟಕ ತುಂಬಿಸಿದರೂ ಮಿಗುತ್ತದೆ. ಈ ಸಾಲು ಓದುವ ಐದು ಸೆಕೆಂಡಿನಲ್ಲೇ ಇಪ್ಪತ್ತೊಂದು ಆದವು.

ನಮ್ಮಲ್ಲಿ ಆರೋಗ್ಯ ನೀತಿಯೆಂದರೆ ಮಾತು ಹೊರಳುವುದು ಚಿಕಿತ್ಸೆಯ ಖರ್ಚು ಭರಿಸುವ ಕಾರ್ಡಿನ ಕಡೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ! ಬಾಗಿಲು ದಾಟಿಸುವ ದುಡ್ಡೇನೋ ಸರಿ. ಒಳಗೆ ಹೋದ ಮೇಲಿನ ಲೆಕ್ಕ ಕೇಳುವವರು ಕಡಿಮೆ. 2017ರ ತಿದ್ದುಪಡಿ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ರೋಗಿಗಳ ಹಕ್ಕುಪತ್ರವನ್ನು ಸೇರಿಸಿದ್ದನ್ನು ಎಷ್ಟು ರೋಗಿಗಳು ಓದಿದ್ದಾರೋ.

ಜಗತ್ತಿನಲ್ಲಿ 2012ರ ಒಂದೇ ವರ್ಷ ನಡೆದ ಆಪರೇಷನ್‌ಗಳು ಸುಮಾರು 31 ಕೋಟಿ. 2011ರ ಗಣತಿಯ ಕರ್ನಾಟಕದ 6.11 ಕೋಟಿ ಜನರಲ್ಲಿ ಪ್ರತಿಯೊಬ್ಬರೂ, ತೊಟ್ಟಿಲ ಕೂಸೂ ಸೇರಿ, ಐದು ಸಲ ಟೇಬಲ್ ಹತ್ತಿ ಇಳಿದಂತೆ. ಈ ಬೆಟ್ಟದ ಎದುರು ನಿಂತದ್ದು 19 ಅಂಶಗಳ ಒಂದು ಹಾಳೆ. ರೋಗಿ ಇವರೇನಾ? ಕೊಯ್ಯುವುದು ಎಡಕ್ಕೋ ಬಲಕ್ಕೋ? ಹತ್ತಿ, ಬಟ್ಟೆ ಎಣಿಸಿದಿರಾ? ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಗಟ್ಟಿಯಾಗಿ ಓದಿ ಟಿಕ್ ಹಾಕಿದರು. ಸಾವಿರಕ್ಕೆ 15 ಇದ್ದ ಸಾವು 8ಕ್ಕೆ ಇಳಿಯಿತು. ಹಾಳೆಯ ಬೆಲೆ ಜೆರಾಕ್ಸ್ ಅಂಗಡಿಯಲ್ಲಿ ಕೇಳಿ!

ಇನ್ನು ಸೂಜಿ. ಜಗತ್ತು ವರ್ಷಕ್ಕೆ ಚುಚ್ಚಿಸಿಕೊಳ್ಳುವುದು ಕನಿಷ್ಠ 1,600 ಕೋಟಿ ಇಂಜೆಕ್ಷನ್, ಸೆಕೆಂಡಿಗೆ 500! ಒಂದು ಸಿರಿಂಜು 10 ಸೆಂ.ಮೀ. ಎಂದಿಟ್ಟುಕೊಂಡು ಸಾಲಾಗಿ ಜೋಡಿಸಿದರೆ 16 ಲಕ್ಷ ಕಿಲೋಮೀಟರ್. ಭೂಮಿಗೆ 40 ಸುತ್ತು. ಇಲ್ಲವೇ ಚಂದ್ರನಿಗೆ ಹೋಗಿ, ಬಂದು, ಮತ್ತೆ ಹೋಗಿ ಬಂದರೂ ಒಂದಿಷ್ಟು ಉಳಿಯುತ್ತವೆ. 2000ದ ಸುಮಾರಿಗೆ ಅಭಿವೃದ್ಧಿಶೀಲ ದೇಶಗಳಲ್ಲಿ ನೂರಕ್ಕೆ ಸುಮಾರು 40 ಚುಚ್ಚು ಬೇರೆಯವರಿಗೆ ಬಳಸಿದ ಸಿರಿಂಜಿನವು. 2010ರ ಹೊತ್ತಿಗೆ ಅದು 5.5.

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸ್ಟರ್ ಹೊಸ ಪೊಟ್ಟಣ ಚರ್ರೆಂದು ಹರಿಯುತ್ತಾರೆ. ಚುಚ್ಚಿ, ಹಬ್ ಕಟ್ಟರ್‌ಗೆ ತುರುಕಿ ಸೂಜಿ ಕತ್ತರಿಸುತ್ತಾರೆ. ಕಟಕ್. ಲೋಕದ ಲೆಕ್ಕಕ್ಕೆ ಒಂದು ಸೇರಿತು. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾ ಇನ್ನೊಂದು ತೋಳು ಮುಂದೆ ಚಾಚುತ್ತಾಳೆ: “ಈ ಕಡೀಗೂ ಒಂದು ಹಾಕಿಬಿಡವ್ವ, ಇಲ್ಲೂ ಬ್ಯಾನಿ ಐತಿ.”