ಹೊಗೆಯ ಜಮಾಖರ್ಚು

ಕಲ್ಲಿದ್ದಲು, ಡೀಸೆಲ್ ಮೊದಲಾದವುಗಳನ್ನು ಉರಿಸುವುದರಿಂದ ಹೊರಡುವ ಇಂಗಾಲಾಮ್ಲ ವಾಯುವು ಭೂಮಂಡಲದ ಉಷ್ಣವನ್ನು ಹೆಚ್ಚಿಸಿ ಮಳೆಬೆಳೆಗಳ ಕ್ರಮವನ್ನು ಕೆಡಿಸುತ್ತಲಿರುವುದು ರೈತರ ಅನುಭವಕ್ಕೂ ಬಂದಿರುತ್ತದೆ. ಇದನ್ನು ತಡೆಯುವುದಕ್ಕಾಗಿ 2015ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಒಪ್ಪಂದವಾಯಿತು. ಅದರ ಮೇರೆಗೆ ಭಾರತ ಸರ್ಕಾರವು 2022ರಲ್ಲಿ, ದೇಶದ ಉತ್ಪತ್ತಿಯ ಪ್ರತಿಯೊಂದು ರೂಪಾಯಿಗೆ ತಗಲುವ ಇಂಥ ವಾಯುಗಳ ಪ್ರಮಾಣವನ್ನು 2005ರಲ್ಲಿದ್ದುದಕ್ಕಿಂತ ಶೇಕಡಾ 45ರಷ್ಟು 2030ರೊಳಗಾಗಿ ತಗ್ಗಿಸುವುದಾಗಿ ತಿಳಿಸಿತು. ಹೊಗೆಯು ಹೊರಡುವ ಸ್ಥಳಗಳಾದರೋ ಊರು, ಪಟ್ಟಣ, ಕಾರ್ಖಾನೆಗಳೇ ಆಗಿವೆ. ಆದಕಾರಣ ಪಂಚಾಯಿತಿಗಳೂ ಕಂಪೆನಿಗಳೂ ಮಾಡುವ ಉಳಿತಾಯದಲ್ಲಿ ಎಷ್ಟು ಭಾಗವು ದೇಶದ ಗುರಿಗೆ ಜಮೆಯಾಗುವುದೆಂಬುದನ್ನು ಅಳೆಯುವುದು ಅವಶ್ಯಕವು.

ಲೆಕ್ಕದ ಕ್ರಮವು ಹೀಗಿದೆ. ಮೊದಲು ಒಂದು ವರ್ಷವನ್ನು ಆಧಾರವರ್ಷವೆಂದು ಗೊತ್ತುಮಾಡಿಕೊಂಡು, ಮೂರು ಬಾಬುಗಳನ್ನು ಬರೆಯತಕ್ಕದ್ದು. ಎಲ್ಲೆಯೊಳಗೆ ನೇರವಾಗಿ ಹೊರಡುವುದು ಮೊದಲನೆಯದು. ಟ್ರಾಕ್ಟರಿನ ಹೊಗೆ, ದನಕರುಗಳಿಂದಲೂ ನೀರು ನಿಂತ ಭತ್ತದ ಗದ್ದೆಗಳಿಂದಲೂ ಬರುವ ಮೀಥೇನ್ ವಾಯು ಇದರಲ್ಲಿ ಸೇರುವುವು. ಹೊರಗಿನಿಂದ ಬರುವ ವಿದ್ಯುಚ್ಛಕ್ತಿಯು ಎರಡನೆಯದು. ಕೊಂಡು ತಂದ ಗೊಬ್ಬರ, ಸಿಮೆಂಟು ಮುಂತಾದವುಗಳ ತಯಾರಿಕೆಯಲ್ಲಿ ಬೇರೆಡೆ ಹೊರಟದ್ದು ಮೂರನೆಯದು. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ, ಒಂದು ಯೂನಿಟ್ ವಿದ್ಯುಚ್ಛಕ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲಾಮ್ಲವೆಂದು ಹಿಡಿಯಬಹುದು. ಅಂದರೆ ಪಂಪುಸೆಟ್ಟುಗಳಲ್ಲಿ 10,000 ಯೂನಿಟ್ ಉಳಿದರೆ 7 ಟನ್ ಉಳಿದಂತಾಯಿತು. ಷೇರುಪೇಟೆಯ ಅತಿ ದೊಡ್ಡ 1,000 ಕಂಪೆನಿಗಳು ಪರಿಸರ ಮೊದಲಾದ ವಿಷಯಗಳಲ್ಲಿ 2022-23ರಿಂದ ವಾರ್ಷಿಕ ವರದಿ ಕೊಡಬೇಕೆಂದು ವಿಧಿಸಲ್ಪಟ್ಟಿದೆ.

ಇಲ್ಲಿ ಒಂದು ಎಚ್ಚರಿಕೆಯುಂಟು. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿ ಮಾಡಿದ ವಿದ್ಯುಚ್ಛಕ್ತಿಯಿಂದ ಒಂದು ಗ್ರಾಮದ ಪಂಪು ನಡೆದರೆ, ಅದೇ ಹೊಗೆಯು ವಿದ್ಯುದಾಗಾರದ ಮೊದಲನೆಯ ಬಾಬಿನಲ್ಲಿಯೂ ಗ್ರಾಮದ ಎರಡನೆಯ ಬಾಬಿನಲ್ಲಿಯೂ ಬರುತ್ತದೆ. ಅವರವರ ಪುಸ್ತಕದಲ್ಲಿ ಎರಡೂ ಸರಿಯೇ. ಆದರೆ ಅವೆರಡನ್ನೂ ಕೂಡಿಸಿ ದೇಶದ ಮೊತ್ತವೆಂದರೆ ಲೆಕ್ಕವು ತಪ್ಪುವುದು.

ಮರಗಳ ವಿಷಯದಲ್ಲಿ ಭೂಮಾಲೀಕರು ಇನ್ನೂ ಜಾಗರೂಕರಾಗಿರತಕ್ಕದ್ದು. ಕೇರಳದ ವಯನಾಡು ಜಿಲ್ಲೆಯ ಮೀನಂಗಾಡಿ ಪಂಚಾಯಿತಿಯು 2016ರಲ್ಲಿ ಹೊರಡುವ ಇಂಗಾಲವನ್ನೂ ಹೀರಲ್ಪಡುವ ಇಂಗಾಲವನ್ನೂ ಸರಿದೂಗಿಸುವ ಯೋಜನೆಯನ್ನು ಆರಂಭಿಸಿತು. ಮರಗಳನ್ನು ಕಡಿಯದೆ ಬೆಳೆಸುವ ರೈತರಿಗೆ, ಮರಗಳ ಆಧಾರದ ಮೇಲೆ, ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲವೂ ಏರ್ಪಾಡಾಯಿತು. ಇನ್ನೊಂದು ಕಡೆ, 2023ರಲ್ಲಿ ಕೇಂದ್ರ ಸರ್ಕಾರವು ಇಂಗಾಲದ ಉಳಿತಾಯವನ್ನು ಟನ್ನಿಗೊಂದರಂತೆ ಪ್ರಮಾಣಪತ್ರವಾಗಿ ಮಾರುವ ಪದ್ಧತಿಯನ್ನು ಪ್ರಕಟಿಸಿರುತ್ತದೆ. ತೋಟದ ಮರಗಳ ಉಳಿತಾಯವನ್ನು ಕಂಪೆನಿಗೆ ಮಾರಿದ ಮೇಲೆ ಅದನ್ನೇ ಪಂಚಾಯಿತಿಯ ಸಾಧನೆಯೆಂದು ಬರೆಯುವುದು ಒಂದೇ ಎತ್ತನ್ನು ಇಬ್ಬರಿಗೆ ಮಾರಿದಂತಾಗುವುದು. ಪ್ಯಾರಿಸ್ ಒಪ್ಪಂದದ 6ನೆಯ ವಿಧಿಯ ಪ್ರಕಾರ ಸರ್ಕಾರದ ಒಪ್ಪಿಗೆಯಿಂದ ಪರದೇಶಕ್ಕೆ ಮಾರಿದ ಉಳಿತಾಯವನ್ನು ನಮ್ಮ ದೇಶವೂ ತನ್ನ ಗುರಿಗೆ ಹಿಡಿದುಕೊಳ್ಳುವಂತಿಲ್ಲ.

ಆದುದರಿಂದ ಕರಾರಿಗೆ ರುಜು ಹಾಕುವ ಮೊದಲು ಹಕ್ಕು ಯಾರಿಗೆ ಸೇರುವುದು, ಎಷ್ಟು ವರ್ಷಗಳ ವರೆಗೆ, ಮರ ಬಿದ್ದರೆ ಹೊಣೆ ಯಾರದು ಎಂಬ ಮೂರು ಸಂಗತಿಗಳನ್ನು ಓದಿಸಿ ತಿಳಿದುಕೊಳ್ಳುವುದು ಒಳ್ಳೆಯದು. ಗ್ರಾಮದ ಮುಖಂಡರು ಡೀಸೆಲ್, ವಿದ್ಯುಚ್ಛಕ್ತಿ, ದನಕರು, ಮರಗಳು ಇವುಗಳಿಗೆ ಒಂದು ಪುಸ್ತಕವನ್ನಿಟ್ಟು ವರ್ಷವರ್ಷವೂ ತುಂಬಿಸುತ್ತ ಬಂದರೆ, ಊರಿನ ಪಾಲೆಷ್ಟೆಂಬುದು ನಿಶ್ಚಯವಾಗಿ ಗೊತ್ತಾಗುವುದು.