ಬಣವಿ ಹಗ್ಗ ಬೇರೆ, ಬೋಟಿನ ಹಗ್ಗ ಬೇರೆ

ನಮ್ಮೂರು ಕುಬಿಹಾಳದಲ್ಲಿ ಗಾಳಿ-ಮಳೆಯ ಸುಳಿವು ಸಿಕ್ಕರೆ ಜನ ಮೊದಲು ಓಡುವುದು ಬಣವಿಯ ಕಡೆಗೆ. ತಾಡಪತ್ರಿ ಹೊದಿಸಿ, ಹಗ್ಗ ಹಾಯಿಸಿ, ತುದಿಗೆ ಕಲ್ಲು ಕಟ್ಟಿ ಜಗ್ಗಿ ಬಿಗಿಯುತ್ತಾರೆ. ಎಷ್ಟು ಬಿಗಿಯೋ ಅಷ್ಟು ನಿಶ್ಚಿಂತೆ. ಇದೇ ಬುದ್ಧಿಯನ್ನು ಬಂದರಿನಲ್ಲಿ ತೋರಿಸಿದರೆ ಬೋಟು ಕೈಬಿಟ್ಟಂತೆಯೇ.

ನಮ್ಮ ಸೀಮೆಯವರಿಗೆ ಹತ್ತಿರದ ಸಮುದ್ರವೆಂದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಸಿಗುವ ಅಂಕೋಲಾ, ಕಾರವಾರ. ಕೊಚ್ಚಿಯ ಬೋಳ್ಗಾಟ್ಟಿಯಲ್ಲಿರುವಂತೆ ವಿಹಾರ ದೋಣಿಗಳಿಗೆಂದೇ ಕಟ್ಟಿದ ಮರೀನಾ ಅಲ್ಲಿ ಕಾಣದು. ಮೀನುಗಾರರ ಟ್ರಾಲರ್ ಬೋಟುಗಳು ಮೈಗೆ ಮೈ ತಾಗಿಸಿ ನಿಲ್ಲುವ, ಕಾರವಾರದ ಬೈತಖೋಲ ಬಂದರಿದೆ. 2019ರ ಅಕ್ಟೋಬರ್‌ನಲ್ಲಿ ‘ಕ್ಯಾರ್’ ಚಂಡಮಾರುತ ಎದ್ದಾಗ ಹೊರಗಿನ ಬೋಟುಗಳೂ ಬಂದು ಕಾರವಾರದ ಆಸರೆ ಪಡೆದವು. ಗುಡ್ಡ, ನಡುಗಡ್ಡೆಗಳು ಗಾಳಿಗೆ ಅಡ್ಡವಾಗಿರುವ ನೈಸರ್ಗಿಕ ಬಂದರು ಅದು. ಆದರೆ ಕಿಕ್ಕಿರಿದ ಬಂದರಿನಲ್ಲಿ ಬೋಟಿಗೆ ಬೋಟೇ ವೈರಿ. ಒಂದರ ಹಗ್ಗ ಹರಿದರೆ ಅದು ಪಕ್ಕದ ನಾಲ್ಕನ್ನು ಗುದ್ದುತ್ತದೆ.

ಸಿದ್ಧತೆಗೆ ಸಮಯವಂತೂ ಸಿಗುತ್ತದೆ. ಹವಾಮಾನ ಇಲಾಖೆ ಕರಾವಳಿಯಲ್ಲಿ ಕೆಟ್ಟ ಹವೆ ಶುರುವಾಗುವ 48 ಗಂಟೆ ಮೊದಲು ಮುನ್ಸೂಚನೆ, 24 ಗಂಟೆ ಮೊದಲು ಎಚ್ಚರಿಕೆ ಕೊಡುತ್ತದೆ. ಬಂದರಿನ ಕಂಬದ ಮೇಲೆ ಹಗಲಲ್ಲಿ ಶಂಕುವಿನಾಕಾರದ, ಕೊಳವೆಯಾಕಾರದ ಗುರುತುಗಳನ್ನೂ ರಾತ್ರಿ ಕೆಂಪು-ಬಿಳಿ ದೀಪಗಳನ್ನೂ ಏರಿಸುತ್ತಾರೆ. ಒಟ್ಟು 11 ಸಂಕೇತಗಳು. 1 ಮತ್ತು 2 ದೂರದ ಸಮುದ್ರದ ಸುದ್ದಿ. 3 ಬಂತೆಂದರೆ ಮಾತು ನಮ್ಮ ಬಂದರಿನದು. 5ರಿಂದ ಮುಂದೆ ಅಪಾಯ, 8ರಿಂದ 10 ಮಹಾ ಅಪಾಯ. 11 ಎಂದರೆ ಇಲಾಖೆಯೊಡನೆ ಸಂಪರ್ಕವೇ ಕಡಿದುಹೋಗಿದೆ ಎಂದರ್ಥ. ಅಷ್ಟರವರೆಗೆ ಕಾದು ಕೂತವನಿಗೆ ಯಾರೂ ಏನೂ ಹೇಳಲಾರರು.

ಸಮುದ್ರದ ಸುಳಿಗಾಳಿ ಗಂಟೆಗೆ 62 ಕಿ.ಮೀ. ವೇಗ ಮುಟ್ಟಿದ ಮೇಲೆ ಅದಕ್ಕೆ ಚಂಡಮಾರುತವೆಂಬ ಹೆಸರು. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟು. ಹಾಗಾಗಿ ಮೊದಲ ಕೆಲಸ ಗಾಳಿಗೆ ಸಿಗುವುದನ್ನೆಲ್ಲ ಇಳಿಸುವುದು: ಬಲೆ, ಐಸ್ ಪೆಟ್ಟಿಗೆ, ಡ್ರಮ್ಮು, ಎಲ್ಲಕ್ಕಿಂತ ಮೊದಲು ನೆರಳಿನ ತಾಡಪತ್ರಿ. ಬಣವಿಯನ್ನು ಉಳಿಸುವ ತಾಡಪತ್ರಿಯೇ ಬೋಟಿನ ಮೇಲೆ ಹಾಯಿಯಾಗಿಬಿಡುತ್ತದೆ. ಸಣ್ಣ ನಾಡದೋಣಿಯಾದರೆ ಉಬ್ಬರದ ಗೆರೆಗಿಂತ ಬಹಳ ಮೇಲಕ್ಕೆ ಎಳೆದು ಮರಕ್ಕೆ ಕಟ್ಟುವುದೇ ಒಳ್ಳೆಯದು.

ಇನ್ನು ಹಗ್ಗ. ಚಂಡಮಾರುತ ಸಮುದ್ರವನ್ನು ದಡಕ್ಕೆ ನೂಕಿ ನೀರಿನ ಮಟ್ಟವನ್ನೇ ಏರಿಸುತ್ತದೆ. ದಕ್ಕೆಯ ಗೂಟಕ್ಕೆ ಬಿಗಿದು ಕಟ್ಟಿದ ಬೋಟು ನೀರಿನೊಡನೆ ಏರಲಾರದು. ಹಗ್ಗ ಹರಿಯಬೇಕು, ಇಲ್ಲ ಗೂಟ ಕೀಳಬೇಕು, ಎರಡೂ ಆಗದಿದ್ದರೆ ಬೋಟು ಮಗುಚಬೇಕು. ಆದ್ದರಿಂದ ಹಗ್ಗ ಉದ್ದವಿರಬೇಕು, ಹೆಚ್ಚಿರಬೇಕು, ಒಂದೇ ಗೂಟಕ್ಕೆ ಎಲ್ಲವನ್ನೂ ಕಟ್ಟಬಾರದು. ನೈಲಾನ್ ಹಗ್ಗ ಹಿಗ್ಗಿ ಜಗ್ಗಾಟವನ್ನು ತಡೆದುಕೊಳ್ಳುತ್ತದೆ. ಅದು ಹರಿಯುವುದು ಅಂಚಿಗೆ ಉಜ್ಜಿದಲ್ಲಿ. ಅಲ್ಲಿ ಹಳೆಯ ರಬ್ಬರ್ ಪೈಪನ್ನು ಸೀಳಿ ಸುತ್ತಿದರೆ ಸಾಕು. ಎರಡು ಬೋಟುಗಳ ನಡುವೆ ಎಷ್ಟು ಹಳೇ ಟೈರು ತೂಗುಬಿಟ್ಟರೂ ಕಡಿಮೆಯೇ.

ಲಂಗರಿನ ಲೆಕ್ಕ ಒಕ್ಕಲಿಗನಿಗೆ ಬೇಗ ತಿಳಿಯುತ್ತದೆ. ನೇಗಿಲನ್ನು ಅಡ್ಡಕ್ಕೆ ಎಳೆದರೆ ಕುಳ ಎರೆಮಣ್ಣಿಗೆ ಇಳಿಯುತ್ತದೆ, ಮೇಲಕ್ಕೆತ್ತಿ ಎಳೆದರೆ ಕಿತ್ತು ಬರುತ್ತದೆ. ಲಂಗರೂ ಹಾಗೆಯೇ. ಹಗ್ಗ ಗಿಡ್ಡವಾದರೆ ಎಳೆತ ಮೇಲ್ಮುಖವಾಗುತ್ತದೆ. ನೀರಿನ ತಳದಿಂದ ಬೋಟಿನ ಮೂತಿಯವರೆಗಿನ ಎತ್ತರದ ಕನಿಷ್ಠ 7 ಪಟ್ಟು ಉದ್ದ ಬಿಡಬೇಕು, ಜಾಗವಿದ್ದರೆ 10 ಪಟ್ಟು. ಎತ್ತರ 6 ಮೀಟರ್ ಇದ್ದರೆ 42 ಮೀಟರ್. ನೀರು 1 ಮೀಟರ್ ಏರುವುದೆಂದು ಹಿಡಿದರೆ 49. ಲಂಗರಿನ ಪಕ್ಕದ ತುಂಡು ಭಾರವಾದ ಸರಪಳಿಯಾಗಿದ್ದರೆ ಎಳೆತ ನೆಲದ ಗುಂಟವೇ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಕಡೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಅದರ ಕೇಂದ್ರ ಎಡಗೈ ಕಡೆ ಇರುತ್ತದೆ. 2021ರ ಮೇ ತಿಂಗಳ ‘ತೌಕ್ತೆ’ಯಂತೆ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗುವ ಚಂಡಮಾರುತವಾದರೆ, ಗಾಳಿ ಮೊದಲು ಆಗ್ನೇಯದಿಂದ ಬೀಸಿ, ಚಂಡಮಾರುತ ದಾಟಿದಂತೆ ನೈಋತ್ಯದಿಂದ ಬೀಸತೊಡಗುತ್ತದೆ. ಮೊದಲ ಗಾಳಿಯನ್ನಷ್ಟೇ ನೋಡಿ ಕಟ್ಟಿದ ಹಗ್ಗ ಎರಡನೆಯದಕ್ಕೆ ಉಪಯೋಗವಿಲ್ಲ.

ಕೊನೆಗೆ ಡೀಸೆಲ್ ಮುಚ್ಚಳ ಬಿಗಿದು, ತಳದ ನೀರು ಹೊರಹಾಕುವ ಪಂಪಿನ ಬ್ಯಾಟರಿ ನೋಡಿ, ಬೋಟಿನ ನಾಲ್ಕೂ ಕಡೆ ಫೋಟೋ ತೆಗೆದು, ಜಿಪಿಎಸ್, ವೈರ್‌ಲೆಸ್, ಪರವಾನಗಿ, ವಿಮೆ ಕಾಗದ ಹಿಡಿದು ದಡಕ್ಕೆ ಬರಬೇಕು. ಕಾವಲಿಗೆಂದು ಕಲಾಸಿಯನ್ನು (ಬೋಟಿನ ಕೆಲಸಗಾರನನ್ನು) ಬೋಟಿನಲ್ಲಿ ಬಿಟ್ಟುಬರುವ ಮಾಲೀಕರೂ ಇದ್ದಾರೆ. ಹಗ್ಗವೇ ತಡೆಯದ ಗಾಳಿಯನ್ನು ಅವನು ಏನು ಮಾಡಿಯಾನು? ಗಾಳಿ ನಿಂತ ಮೇಲೂ ಸಂಕೇತ ಇಳಿಯುವವರೆಗೆ ಬೋಟು ಹತ್ತಬಾರದು. ಹತ್ತಿದ ಮೇಲೆ ಇಂಜಿನ್ ಚಾಲೂ ಮಾಡುವ ಮುಂಚೆ ಡೀಸೆಲ್ ವಾಸನೆ ಇದೆಯೇ ಎಂದು ಮೂಸಿ, ಪ್ರೊಪೆಲ್ಲರಿಗೆ ಯಾರ ಹಗ್ಗ ಸುತ್ತಿದೆಯೋ ನೋಡಿಕೊಳ್ಳಬೇಕು.