ಹಳೇ ಕಾರಿನ ಮುಂದಿನ ಗಾಜು: ಒಂದು ಹಗ್ಗ, ಸ್ವಲ್ಪ ಸಾಬೂನು ನೀರು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ಓಡುತ್ತಾ ಉಂಟು. ಅದರ ಮುಂದಿನ ಗಾಜನ್ನು ಬದಲಿಸುವುದನ್ನು ಕಂಡರೆ ಒಂದರ್ಧ ಗಂಟೆ ನಿಂತು ನೋಡಿ. ಘರ್ಷಣೆ, ಸ್ಥಿತಿಸ್ಥಾಪಕತ್ವ, ತುಕ್ಕು ಎಲ್ಲವೂ ಒಂದೇ ಕಡೆ ಸಿಗುತ್ತವೆ.

ಆ ಗಾಜನ್ನು ಹಿಡಿದಿಟ್ಟಿರುವುದು ಯಾವುದು? ಸ್ಕ್ರೂ ಇಲ್ಲ, ಗಟ್ಟಿ ಅಂಟೂ ಇಲ್ಲ. ಸುತ್ತ ಇರುವ ರಬ್ಬರ್ ಬೀಡಿಂಗ್ ಅಷ್ಟೇ. ಅದನ್ನು ಅಡ್ಡ ಕತ್ತರಿಸಿ ನೋಡಿದರೆ ಎರಡು ಸಂದುಗಳು ಕಾಣುತ್ತವೆ. ಒಂದರಲ್ಲಿ ಗಾಜಿನ ಅಂಚು, ಇನ್ನೊಂದರಲ್ಲಿ ಬಾಡಿಯ ತಗಡಿನ ಅಂಚು.

ತೆಗೆಯುವಾಗ ಮೊದಲು ವೈಪರ್ ಕಡ್ಡಿಗಳನ್ನು ಕಳಚುತ್ತಾರೆ. ಡ್ಯಾಶ್‌ಬೋರ್ಡಿನ ಮೇಲೆ ಹಳೇ ಬೆಡ್‌ಶೀಟ್ ಹಾಸುತ್ತಾರೆ. ಬಿಸಿಲಿಗೆ ಒಣಗಿ ಗಟ್ಟಿಯಾದ ರಬ್ಬರನ್ನು ಉಳಿಸಿಕೊಳ್ಳುವ ಆಸೆ ಬೇಡ. ಅದರ ಹೊರ ತುಟಿಯನ್ನು ಬ್ಲೇಡಿನಿಂದ ಸೀಳಿ ತೆಗೆದರೆ ಗಾಜಿನ ಹಿಡಿತ ಬಿಡುತ್ತದೆ. ಆಮೇಲೆ ಒಬ್ಬರು ಒಳಗಿನಿಂದ ಮೇಲಿನ ಮೂಲೆಯನ್ನು ಅಂಗೈಯಲ್ಲಿ ಮೆಲ್ಲನೆ ಒತ್ತಬೇಕು, ಇನ್ನೊಬ್ಬರು ಹೊರಗೆ ಹಿಡಿದುಕೊಳ್ಳಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಬ್ಬರಿಗೂ ಬೇಕೇ ಬೇಕು.

ಈಗ ತಗಡಿನ ಅಂಚನ್ನು ನೋಡಿ. ಕಾಸರಗೋಡಿನ ಮಳೆಗೆ ರಬ್ಬರಿನ ಅಡಿಯಲ್ಲಿ ನೀರು ನಿಂತು ತುಕ್ಕು ಹಿಡಿದಿರುವುದೇ ಹೆಚ್ಚು. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ. ಆ ಉಬ್ಬು ಗಾಜಿನ ಅಂಚನ್ನು ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಗಾಜು ಇಡೀ ಮೈಗೆ ಹರಡಿದ ಭಾರವನ್ನು ತಾಳಿಕೊಂಡೀತು, ಅಂಚಿನ ಒಂದು ಬಿಂದುವಿನ ಒತ್ತಡವನ್ನು ತಾಳುವುದಿಲ್ಲ. ಹಾಗಾಗಿ ತುಕ್ಕನ್ನು ಪೂರ್ತಿ ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಬಣ್ಣ ಬಳಿದು ಒಣಗಿಸದೆ ಹೊಸ ಗಾಜು ಕೂರಿಸಿದರೆ, ಒಂದು ದೊಡ್ಡ ಗುಂಡಿಗೆ ಚಕ್ರ ಇಳಿದಾಗ ಅದೂ ಬಿರುಕು ಬಿಡಬಹುದು.

ಕೂರಿಸುವ ಉಪಾಯವೇ ಚಂದ. ಹೊಸ ರಬ್ಬರನ್ನು ಮೊದಲು ಗಾಜಿನ ಸುತ್ತ ಹಾಕುತ್ತಾರೆ. ಖಾಲಿ ಉಳಿದ ಸಂದಿನೊಳಗೆ ಸುತ್ತಲೂ ತೆಳ್ಳಗಿನ ನೈಲಾನ್ ಹಗ್ಗ ಇಟ್ಟು, ಎರಡೂ ತುದಿಗಳನ್ನು ಕೆಳಗಿನ ನಡುಭಾಗದಲ್ಲಿ ಒಂದರ ಮೇಲೊಂದು ಹಾಯಿಸಿ ಕಾರಿನ ಒಳಗೆ ಬಿಡುತ್ತಾರೆ. ರಬ್ಬರಿಗೆ ಸಾಬೂನು ನೀರು ಸವರಿ, ಗಾಜನ್ನು ಹೊರಗಿನಿಂದ ಕಿಂಡಿಗೆ ಸರಿಯಾಗಿ ಇಡುತ್ತಾರೆ. ಒಳಗಿದ್ದವರು ಹಗ್ಗ ಎಳೆದ ಹಾಗೆ ರಬ್ಬರಿನ ಒಳ ತುಟಿ ತಗಡನ್ನು ದಾಟಿ ಈಚೆ ಬರುತ್ತದೆ. ಹೊರಗಿದ್ದವರು ಅದೇ ಜಾಗದಲ್ಲಿ ಅಂಗೈಯಿಂದ ತಟ್ಟುತ್ತಾ ಹೋಗಬೇಕು.

ಇಡೀ ರಬ್ಬರನ್ನು ಒಮ್ಮೆಗೇ ದಾಟಿಸಲು ಯಾರಿಗೂ ಆಗದು. ಹಗ್ಗ ಆ ಕೆಲಸವನ್ನು ಒಂದೊಂದು ಅಂಗುಲಕ್ಕೆ ಹಂಚಿಕೊಡುತ್ತದೆ. ಸೈಕಲ್ ಟೈರನ್ನು ರಿಮ್ಮಿಗೆ ಏರಿಸುವುದೂ ಹೀಗೇ ಅಲ್ಲವೇ? ಸಾಬೂನು ನೀರು ಘರ್ಷಣೆ ಕಡಿಮೆ ಮಾಡಿ, ಕೆಲಸ ಮುಗಿದ ಮೇಲೆ ಒಣಗುತ್ತದೆ. ರಬ್ಬರಿಗೆ ಹಿಡಿತ ಮತ್ತೆ ಬರುತ್ತದೆ. ಸೀಮೆಎಣ್ಣೆ, ಗ್ರೀಸ್ ಬೇಡ. ಅವು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡಿ ಹಾಳು ಮಾಡುತ್ತವೆ.

ಯಾವ ಗಾಜು ಹಾಕಿಸಬೇಕು? ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸಿರುತ್ತಾರೆ. ಒಡೆದರೆ ಒಮ್ಮೆಗೇ ಸಾವಿರ ಚೂರು. ಓಡುವ ಕಾರಿನಲ್ಲಿ ಚಾಲಕನಿಗೆ ದಾರಿಯೇ ಕಾಣದು. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಪದರ ಉಂಟು. ಬಿರುಕು ಬಿಟ್ಟರೂ ಚೂರುಗಳು ಅದಕ್ಕೆ ಅಂಟಿಕೊಂಡಿರುತ್ತವೆ, ತಲೆ ಬಡಿದರೂ ಮನುಷ್ಯ ಹೊರಗೆ ಎಸೆಯಲ್ಪಡುವ ಸಂಭವ ಕಡಿಮೆ. ಇಂಥ ಪದರದ ಗಾಜಿಗೆ ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ 1909ರಲ್ಲೇ ಪೇಟೆಂಟ್ ಪಡೆದಿದ್ದರು. ಹಳೇ ಕಾರಿನಲ್ಲಿ ಮೊದಲು ಟಫನ್ಡ್ ಇದ್ದರೂ, ಬದಲಿಸುವಾಗ ಮುಂದಕ್ಕೆ ಲ್ಯಾಮಿನೇಟೆಡ್ ಗಾಜನ್ನೇ ಕೇಳಿ ಹಾಕಿಸಿ. ಹಣದ ವ್ಯತ್ಯಾಸ ನೋಡಬೇಡಿ.

ಮಕ್ಕಳಿಗೆ ತೋರಿಸಲು ಎರಡು ಹಸಿ ಹಪ್ಪಳ ಸಾಕು. ಒಂದಕ್ಕೆ ಒಂದು ಬದಿ ಪೂರ್ತಿ ಸೆಲ್ಲೋಟೇಪ್ ಅಂಟಿಸಿ, ಎರಡನ್ನೂ ಮುರಿಯಲು ಹೇಳಿ. ಒಂದರ ಚೂರು ಬೆಂಚಿನ ತುಂಬಾ ಹರಡುತ್ತದೆ, ಇನ್ನೊಂದರದ್ದು ಟೇಪಿನಲ್ಲೇ ಉಳಿಯುತ್ತದೆ. ಯಾಕೆಂದು ಅವರೇ ಹೇಳಲಿ.

ಒಂದು ಎಚ್ಚರಿಕೆ: ಈ ಹಗ್ಗದ ವಿದ್ಯೆ ರಬ್ಬರ್ ಹಿಡಿತದ ಗಾಜಿಗೆ ಮಾತ್ರ. ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಗೇ ಕೂಡಿಸಿರುತ್ತಾರೆ. ಅಲ್ಲಿ ಗಾಜು ಕಾರಿನ ಬಲದ ಒಂದು ಭಾಗ. ಎಷ್ಟೋ ಕಾರುಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗುವುದೂ ಅದಕ್ಕೇ. ಅದನ್ನು ತಿಳಿದವರಿಂದಲೇ ಮಾಡಿಸಿ. ಅಂಟು ಗಟ್ಟಿಯಾಗಲು ಅವರು ಹೇಳಿದಷ್ಟು ಹೊತ್ತು ಕಾರನ್ನು ನಿಲ್ಲಿಸಿಯೇ ಇಡಿ.